ಊರಿನವರು ಉಳಿದರಷ್ಟೇ ಉತ್ಸವ

2024ರ ಜುಲೈನಲ್ಲಿ ಸ್ಪೇನ್‌ನ ಬಾರ್ಸಿಲೋನಾದಲ್ಲಿ ಸಾವಿರಾರು ನಿವಾಸಿಗಳು ಬೀದಿಗಿಳಿದರು. ಅವರಲ್ಲಿ ಕೆಲವರು ಊಟಕ್ಕೆ ಕುಳಿತಿದ್ದ ಪ್ರವಾಸಿಗರ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಎರಚಿದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು. ಅತಿಥಿಗಳನ್ನು ಹಾಗೆ ನಡೆಸಿಕೊಂಡದ್ದು ಖಂಡಿತ ಸರಿಯಲ್ಲ. ಆದರೆ ಆ ಸಿಟ್ಟಿಗೆ ಕಾರಣವಿತ್ತು. ಮನೆಗಳು ಪ್ರವಾಸಿಗರ ಬಾಡಿಗೆ ಫ್ಲ್ಯಾಟ್‌ಗಳಾಗುತ್ತಿದ್ದವು. ಹತ್ತು ವರ್ಷಗಳಲ್ಲಿ ಮನೆ ಬಾಡಿಗೆ ಶೇ 68ರಷ್ಟು ಏರಿದೆ ಎಂದು ನಗರದ ಮೇಯರ್ ಜೌಮೆ ಕೊಲ್ಬೋನಿ ಅವರೇ ಅದರ ಹಿಂದಿನ ತಿಂಗಳು ಹೇಳಿದ್ದರು.

ಬಾರ್ಸಿಲೋನಾ ಎಂದೊಡನೆ ಎಲ್ಲರಿಗೂ ನೆನಪಾಗುವುದು ವಾಸ್ತುಶಿಲ್ಪಿ ಆಂಟೊನಿ ಗೌಡಿ. 1882ರಲ್ಲಿ ಆರಂಭವಾದ ಸಗ್ರಾಡಾ ಫ್ಯಾಮಿಲಿಯಾ ಚರ್ಚಿನ ನಿರ್ಮಾಣದ ಖರ್ಚು ಇಂದು ಬಹುಪಾಲು ಪ್ರವಾಸಿಗರ ಟಿಕೆಟ್ ಹಣದಿಂದಲೇ ನಡೆಯುತ್ತಿದೆ. ಪಾರ್ಕ್ ಗುಯೆಲ್, ಪಿಕಾಸೊ ಮ್ಯೂಸಿಯಂ, ಬಣ್ಣದ ಗಾಜಿನ ಸಂಗೀತ ಸಭಾಂಗಣ, ಹೀಗೆ ಪಟ್ಟಿ ಉದ್ದವಿದೆ. ಕಟ್ಟಡಗಳೇನೋ ಎಲ್ಲಿಗೂ ಹೋಗುವುದಿಲ್ಲ. ಜನಜಂಗುಳಿ ಎಷ್ಟೇ ಇರಲಿ, ನಿಂತಲ್ಲೇ ನಿಂತಿರುತ್ತವೆ. ಆ ನಗರದ ಸಂಸ್ಕೃತಿಯ ಇನ್ನೊಂದು ಅರ್ಧ ಮಾತ್ರ ಹಾಗಲ್ಲ. ಅದು ನಿಂತಿರುವುದು ಅಲ್ಲಿ ಬಾಳುವ ಜನರ ಮೇಲೆ.

ಕಾಸ್ಟೆಲ್ ಎಂಬ ಮಾನವ ಗೋಪುರವನ್ನೇ ನೋಡಿ. ಸೆಪ್ಟೆಂಬರ್‌ನ ಲಾ ಮರ್ಸೆ ಹಬ್ಬದಲ್ಲಿ ಪುರಸಭೆಯ ಮುಂದಿನ ಚೌಕದಲ್ಲಿ ಬಡಾವಣೆಗಳ ತಂಡಗಳು ಇದನ್ನು ಕಟ್ಟುತ್ತವೆ. ಸೊಂಟಕ್ಕೆ ಉದ್ದನೆಯ ಕಪ್ಪು ಬಟ್ಟೆಯನ್ನು ಬಿಗಿಯಾಗಿ ಸುತ್ತಿಕೊಂಡ ನೂರಾರು ಮಂದಿ ಒಬ್ಬರ ಬೆನ್ನಿಗೊಬ್ಬರು ಒತ್ತಿ ನಿಂತು ತಳಪಾಯವಾಗುತ್ತಾರೆ. ಮೇಲೇರುವವರು ಆ ಬಟ್ಟೆಯ ಮಡಿಕೆಗೇ ಕಾಲಿಟ್ಟು ಹತ್ತಬೇಕು. ವಾದ್ಯದ ದನಿ ಗೋಪುರ ಎಷ್ಟು ಮೇಲೇರಿದೆ ಎಂಬುದನ್ನು ಕೆಳಗಿನವರಿಗೆ ತಿಳಿಸುತ್ತದೆ. ಕೊನೆಗೆ ಹೆಲ್ಮೆಟ್ ತೊಟ್ಟ ಪುಟ್ಟ ಮಗುವೊಂದು ತುದಿಗೇರಿ ಕೈ ಎತ್ತುತ್ತದೆ. ಅಷ್ಟಕ್ಕೇ ಮುಗಿಯಲಿಲ್ಲ, ಯಾರೂ ಬೀಳದಂತೆ ಇಳಿದಾಗಲೇ ಗೋಪುರ ಪೂರ್ಣವಾಯಿತೆಂದು ಲೆಕ್ಕ. 2010ರಲ್ಲಿ ಯುನೆಸ್ಕೊ ಮಾನ್ಯತೆ ಪಡೆದ ಈ ಕಲೆಯಲ್ಲಿ ತೊಡಗಿದವರು ಹಗಲೆಲ್ಲ ದುಡಿದು ಸಂಜೆ ತಾಲೀಮಿಗೆ ಬರುವ ಸಾಮಾನ್ಯರು.

ಸರ್ದಾನಾ ನೃತ್ಯವೂ ಹಾಗೆಯೇ. ವಾರಾಂತ್ಯದಲ್ಲಿ ಕೆಥೆಡ್ರಲ್ ಮುಂದೆ ವಾದ್ಯವೃಂದ ನುಡಿಸತೊಡಗಿದರೆ, ಅಜ್ಜ ಅಜ್ಜಿಯರು ಕೈಚೀಲಗಳನ್ನು ನಡುವೆ ಇಟ್ಟು ಸುತ್ತಲೂ ಕೈ ಕೈ ಹಿಡಿದು ಹೆಜ್ಜೆ ಹಾಕುತ್ತಾರೆ. ಆಗಸ್ಟ್‌ನಲ್ಲಿ ಗ್ರಾಸಿಯಾ ಬಡಾವಣೆಯ ಬೀದಿಗಳನ್ನು ಸಿಂಗರಿಸುವುದೂ ನಿವಾಸಿಗಳೇ. ಖಾಲಿ ಬಾಟಲಿ, ರಟ್ಟು, ಕಾಗದ ಕೂಡಿಟ್ಟು ತಿಂಗಳುಗಟ್ಟಲೆ ಕುಳಿತು ಅಲಂಕಾರ ತಯಾರಿಸುತ್ತಾರೆ. ನೋಡಲು ಹಣ ಕೊಡಬೇಕಿಲ್ಲ.

ಬಾಡಿಗೆ ಕಟ್ಟಲಾಗದೆ ಇಂಥ ಕುಟುಂಬವೊಂದು ಊರಾಚೆ ಹೋದರೆ ತಾಲೀಮಿಗೆ ಒಬ್ಬರು ಕಡಿಮೆ, ಬೀದಿ ಸಿಂಗರಿಸುವ ಕೈಗಳೂ ಕಡಿಮೆ. ಆ ಮನೆಗೆ ಮೂರು ದಿನಕ್ಕೊಮ್ಮೆ ಬದಲಾಗುವ ಅತಿಥಿಗಳು ಬಂದರೆ ಈ ಕೊರತೆ ತುಂಬುವುದಿಲ್ಲ. ಪ್ರವಾಸೋದ್ಯಮ ತನ್ನ ಬೇರಿಗೆ ತಾನೇ ಕೊಡಲಿ ಹಾಕುವುದು ಹೀಗೆ.

ನಗರಾಡಳಿತ ಕೈಕಟ್ಟಿ ಕುಳಿತಿಲ್ಲ ಎಂಬುದನ್ನು ಮೆಚ್ಚಲೇಬೇಕು. ಪಾರ್ಕ್ ಗುಯೆಲ್‌ನ ಮುಖ್ಯ ಭಾಗಕ್ಕೆ 2013ರಿಂದ ಟಿಕೆಟ್ ಬಂತು. ಅದೇ ಪಾರ್ಕಿನ ಹಾದಿಯ 116ನೇ ನಂಬರಿನ ಪುಟ್ಟ ಬಸ್ಸಿನಲ್ಲಿ ಬಡಾವಣೆಯ ಹಿರಿಯರಿಗೇ ಜಾಗ ಸಿಗದಂತಾದಾಗ, ನಗರಾಡಳಿತ ಆ ಮಾರ್ಗವನ್ನು ಗೂಗಲ್ ಮ್ಯಾಪ್‌ನಿಂದ ತೆಗೆಸಿತು. 2028ರ ನವೆಂಬರ್ ವೇಳೆಗೆ ಪ್ರವಾಸಿಗರಿಗೆ ಬಾಡಿಗೆ ಕೊಡುವ 10,101 ಫ್ಲ್ಯಾಟ್‌ಗಳ ಪರವಾನಗಿ ನವೀಕರಿಸದಿರುವ ನಿರ್ಧಾರ ಎಲ್ಲಕ್ಕಿಂತ ದಿಟ್ಟವಾದುದು. ಕ್ರೂಸ್ ಹಡಗುಗಳ ಟರ್ಮಿನಲ್‌ಗಳನ್ನು 2030ರೊಳಗೆ ಏಳರಿಂದ ಐದಕ್ಕೆ ಇಳಿಸಲು 2025ರಲ್ಲಿ ಒಪ್ಪಂದವೂ ಆಗಿದೆ.

ಈ ಕ್ರಮಗಳ ವಿರೋಧಿಗಳ ವಾದವನ್ನು ತಳ್ಳಿಹಾಕುವಂತಿಲ್ಲ. ನಗರದ ಆರ್ಥಿಕತೆಯ ಸುಮಾರು ಶೇ 14ರಷ್ಟು ಪ್ರವಾಸೋದ್ಯಮದಿಂದ ಬರುತ್ತದೆ. ಹೋಟೆಲ್ ಕೆಲಸಗಾರರು, ಟ್ಯಾಕ್ಸಿ ಚಾಲಕರು ಅದನ್ನೇ ನಂಬಿದ್ದಾರೆ. ಬಾಡಿಗೆ ಏರಿದ್ದಕ್ಕೆ ಹೊಸ ಮನೆಗಳ ಕೊರತೆಯೂ ಕಾರಣ ಎಂಬ ಫ್ಲ್ಯಾಟ್ ಮಾಲೀಕರ ಮಾತಿನಲ್ಲಿ ಹುರುಳಿದೆ. ಆದರೆ ಹೊಸ ಮನೆ ಕಟ್ಟಲು ವರ್ಷಗಳು ಬೇಕು. ಈಗಾಗಲೇ ಇರುವ ಹತ್ತು ಸಾವಿರ ಮನೆಗಳು ನಿವಾಸಿಗಳಿಗೆ ಬೇಗ ಸಿಗಬಲ್ಲವು. ಆ ಫ್ಲ್ಯಾಟ್‌ಗಳು ಕೆಲವೇ ತಿಂಗಳ ತಾತ್ಕಾಲಿಕ ಬಾಡಿಗೆಯ ನೆಪದಲ್ಲಿ ಮತ್ತೆ ಕೈತಪ್ಪದಂತೆ ನೋಡಿಕೊಳ್ಳುವುದು ಆಡಳಿತದ ಮುಂದಿರುವ ನಿಜವಾದ ಪರೀಕ್ಷೆ. ದೀರ್ಘಾವಧಿ ಬಾಡಿಗೆಗೆ ಮಿತಿ ಹೇರಿದಾಗಲೇ ಕ್ಯಾಟಲೋನಿಯಾದಲ್ಲಿ ಹಲವು ಮಾಲೀಕರು ಈ ಕಳ್ಳದಾರಿ ಹಿಡಿದಿದ್ದರು. ಅದನ್ನು ಮುಚ್ಚದಿದ್ದರೆ 2028ರ ಗಡುವು ಕಾಗದದ ಮೇಲಷ್ಟೇ ಉಳಿದೀತು.

ಪ್ರವಾಸಿಗರಿಗೂ ಇದರಲ್ಲಿ ಪಾಲಿದೆ. ಕನ್ನಡ ನಾಡಿನಿಂದ ಬಾರ್ಸಿಲೋನಾಕ್ಕೆ ಹೊರಡುವವರು ನಿವಾಸಿಗಳ ಅಪಾರ್ಟ್‌ಮೆಂಟ್‌ ಬಿಟ್ಟು ಹೋಟೆಲಿನಲ್ಲೇ ಕೋಣೆ ಹಿಡಿಯಲಿ. ಗೌಡಿಯ ಕಟ್ಟಡಗಳ ಜೊತೆ ಒಂದು ಸಂಜೆಯನ್ನು ಬಡಾವಣೆಯ ಹಬ್ಬಕ್ಕೂ ಮೀಸಲಿಡಲಿ. ಸಗ್ರಾಡಾ ಫ್ಯಾಮಿಲಿಯಾಕ್ಕೆ ಬೇಕಾದ ಹಣವನ್ನು ಹೊರಗಿನವರೂ ಕೊಡಬಲ್ಲರು. ಕಾಸ್ಟೆಲ್‌ನ ತಳಪಾಯಕ್ಕೆ ಮಾತ್ರ ಅಲ್ಲಿನ ನಿವಾಸಿಗಳೇ ಬೇಕು. ಅವರಿಗೆ ಸೂರು ಉಳಿಸಿಕೊಡುವುದೇ ಬಾರ್ಸಿಲೋನಾದ ಮೊದಲ ಪ್ರವಾಸೋದ್ಯಮ ನೀತಿಯಾಗಬೇಕು.