ಕೈಗೆ ಬಂದ ಅಳತೆ

ಒಂದು ಲೀಟರಿಗೆ ಎಷ್ಟು ಮಿಲಿಲೀಟರ್ ಎಂದು ಕೇಳಿದರೆ ನಮ್ಮ ಶಾಲೆಗಳ ಮಕ್ಕಳು ತಡವರಿಸದೆ ಸಾವಿರವೆಂದು ಉತ್ತರಿಸುತ್ತಾರೆ. ಆದರೆ ಒಂದು ಚೊಂಬನ್ನು ಮುಂದಿಟ್ಟು, ಇದು ಎಷ್ಟು ನೀರು ಹಿಡಿಯುವುದೆಂದು ಕೇಳಿದರೆ ಅದೇ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಮೊದಲನೆಯದು ಬಾಯಿಪಾಠ, ಎರಡನೆಯದು ಅರಿವು. ಇವೆರಡರ ನಡುವಣ ಅಂತರವನ್ನು ತುಂಬಬಲ್ಲದ್ದು ಕೈಕೆಲಸವೇ ಹೊರತು ಮತ್ತೊಂದು ಕೋಷ್ಟಕವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಿಂದೆ ಈ ಅರಿವನ್ನು ಮನೆಯೇ ಕಲಿಸುತ್ತಿತ್ತು. ಹಾಲನ್ನೂ ಎಣ್ಣೆಯನ್ನೂ ಪಾವು, ಸೇರುಗಳ ಲೆಕ್ಕದಲ್ಲಿ ಮಕ್ಕಳ ಕಣ್ಣೆದುರಿಗೇ ಅಳೆದು ಹುಯ್ಯುತ್ತಿದ್ದರು. ಆದರೆ ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಿಗೆ ಸಮನಾಗಿರಲಿಲ್ಲ. ಈ ಗೊಂದಲವನ್ನು ನೀಗಲು 1956ರಲ್ಲಿ ನಮ್ಮ ಸಂಸತ್ತು ಮೆಟ್ರಿಕ್ ಪದ್ಧತಿಗೆ ಶಾಸನದ ಬಲ ನೀಡಿತು. ಅದು ಉಚಿತವಾದ ಕಾರ್ಯವೇ ಸರಿ. ಆದರೆ ಇಂದು ಹಾಲು ಅಳತೆಯನ್ನು ಬೇರೆಲ್ಲಿಯೋ ಮುಗಿಸಿಕೊಂಡು, ಬಾಯಿ ಮುಚ್ಚಿದ ಚೀಲದಲ್ಲಿ ಮನೆಗೆ ಬರುತ್ತದೆ. ಅರ್ಧ ಲೀಟರ್ ಎಂಬ ಬರಹವನ್ನು ಮಗು ಓದುತ್ತದೆ, ಅಳೆದು ನೋಡುವುದಿಲ್ಲ. ಮನೆಯು ಕೈಬಿಟ್ಟ ಈ ಪಾಠವನ್ನು ಶಾಲೆಯು ಕೈಗೆತ್ತಿಕೊಳ್ಳಬೇಕಾಗಿದೆ.

ದ್ರವಕ್ಕೆ ತನ್ನದೇ ಆದ ಆಕಾರವಿಲ್ಲ. ಆದುದರಿಂದ ಅದು ಕಣ್ಣನ್ನು ಸುಲಭವಾಗಿ ವಂಚಿಸುತ್ತದೆ. ಅಗಲವಾದ ಲೋಟದ ನೀರನ್ನು ಕಿರಿದಾದ ಎತ್ತರದ ಲೋಟಕ್ಕೆ ಸುರಿದೊಡನೆ ನೀರು ಹೆಚ್ಚಾಯಿತೆಂದು ಎಳೆಯ ಮಕ್ಕಳು ಭಾವಿಸುವುದನ್ನು ಸ್ವಿಟ್ಸರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ತಮ್ಮ ಪ್ರಯೋಗಗಳಿಂದ ತೋರಿಸಿಕೊಟ್ಟರು. ಈ ಭ್ರಮೆ ದೊಡ್ಡವರನ್ನೂ ಪೂರ್ತಿಯಾಗಿ ಬಿಟ್ಟಿಲ್ಲ. ಇದಕ್ಕೆ ಮದ್ದು, ಅಳತೆಯ ಪಾತ್ರೆಯನ್ನು ತಾನೇ ಮಾಡಿ ನೋಡುವುದು.

ದಪ್ಪ ರಟ್ಟಿನಿಂದ ಒಂದು ಪೆಟ್ಟಿಗೆಯನ್ನು ಮಾಡಿರಿ. ಅದರ ಒಳಗಿನ ಉದ್ದ, ಅಗಲ, ಎತ್ತರ ಮೂರೂ 10 ಸೆಂಟಿಮೀಟರ್ ಇರಲಿ. ನೀರು ಸೋರದಂತೆ ಒಳಗೆ ತೆಳ್ಳಗೆ ಮೇಣ ಬಳಿದರೆ, ಅದು ಹಿಡಿಯುವ ನೀರು ಒಂದು ಲೀಟರ್. ಮೂರು ಅಳತೆಗಳೂ 5 ಸೆಂಟಿಮೀಟರ್ ಇರುವ ಇನ್ನೊಂದು ಪೆಟ್ಟಿಗೆಯನ್ನು ಮಾಡಿರಿ. ಇದು ಅರ್ಧ ಲೀಟರ್ ಹಿಡಿಯುವುದೆಂದು ಹಲವರು ಊಹಿಸುವರು. ಆದರೆ ಇದರಿಂದ ಎಂಟು ಬಾರಿ ಸುರಿದಾಗಲೇ ದೊಡ್ಡದು ತುಂಬುತ್ತದೆ. ಇದು ಹಿಡಿಯುವುದು 125 ಮಿಲಿಲೀಟರ್ ಮಾತ್ರ. ಘನಫಲದ ಸೂತ್ರವು ಅಂಗೈಯ ನೆಲ್ಲಿಯಾಗುವುದು ಹೀಗೆ. ಗಾಜಿನ ಬಾಟಲಿಗೆ ಕಾಗದದ ಪಟ್ಟಿ ಅಂಟಿಸಿ, ನೂರು ನೂರು ಮಿಲಿಲೀಟರ್ ಸುರಿಯುತ್ತ ಗೆರೆ ಎಳೆಯಿರಿ. ಬಾಟಲಿಯ ನೇರ ಮೈಯಲ್ಲಿ ಗೆರೆಗಳು ಸಮಾನ ದೂರದಲ್ಲಿರುತ್ತವೆ. ಕುತ್ತಿಗೆ ಕಿರಿದಾದಂತೆ ದೂರ ದೂರವಾಗುತ್ತವೆ. ಜೇಡಿಮಣ್ಣಿನ ಲೋಟ ಮಾಡಿದವರಿಗೆ ಇನ್ನೊಂದು ಗುಟ್ಟು ತಿಳಿಯುತ್ತದೆ: ಮಣ್ಣು ಒಣಗಿ ಬೆಂದಾಗ ಕುಗ್ಗುವುದರಿಂದ ಕುಂಬಾರನು ಪಾತ್ರೆಯನ್ನು ಬೇಕಾದುದಕ್ಕಿಂತ ತುಸು ದೊಡ್ಡದಾಗಿಯೇ ತಟ್ಟಬೇಕು.

ಇದೇನೂ ಹೊಸ ವಿಚಾರವಲ್ಲ. 1937ರಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ಪ್ರತಿಪಾದಿಸಿದ್ದು ಇದನ್ನೇ. ಕಸಬು ಪಾಠದ ಬಿಡುವಿನ ವಿನೋದವಲ್ಲ, ಕಸಬಿನ ಮೂಲಕವೇ ಪಾಠ ಸಾಗಬೇಕೆಂಬುದು ಅವರ ಆಶಯವಾಗಿತ್ತು.

ಅಳತೆಯ ತಪ್ಪು ಅಂಕಪಟ್ಟಿಯಲ್ಲಿಯೇ ಮುಗಿಯುವುದಿಲ್ಲ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ವೈದ್ಯ ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಅಡುಗೆ ಸೋಡಾ, ಗ್ಲೂಕೋಸುಗಳನ್ನು ತೂಗಿ ಪೊಟ್ಟಣ ಕಟ್ಟಿಸಿ, ಅಳತೆಯ ನೀರಿನಲ್ಲಿ ಕರಗಿಸಿ ಕುಡಿಸಿದರು. ಅಸಂಖ್ಯ ಜೀವಗಳು ಉಳಿದವು. ವಾಂತಿಭೇದಿಗೆ ಇಂದಿಗೂ ಅದೇ ಬಗೆಯ ಪೊಟ್ಟಣಗಳು ಮನೆಮನೆಗೆ ಬರುತ್ತವೆ. ಒಂದು ಲೀಟರ್ ನೀರಿಗೆಂದು ಮಾಡಿದ ಪೊಟ್ಟಣವನ್ನು ಅರ್ಧ ಲೀಟರಿನಲ್ಲಿ ಕರಗಿಸಿದರೆ ಉಪ್ಪು ಇಮ್ಮಡಿಯಾಗಿ ಕೂಸಿಗೆ ಕೇಡಾದೀತು. ಎರಡು ಲೀಟರಿನಲ್ಲಿ ಕರಗಿಸಿದರೆ ಮದ್ದಿನ ಬಲ ಕುಗ್ಗೀತು. ಆ ಹೊತ್ತಿನಲ್ಲಿ ನೀರು ಅಳೆಯುವ ಕೈ ಒಬ್ಬ ವಿದ್ಯಾರ್ಥಿಯದೇ ಆಗಿರಬಹುದು.

ಇದಕ್ಕೆಲ್ಲ ಸಮಯವೆಲ್ಲಿದೆ, ತರಗತಿಯೆಲ್ಲ ಒದ್ದೆಯಾಗುವುದಲ್ಲ ಎಂದು ಕೆಲವರು ಆಕ್ಷೇಪಿಸುವರು. ಒದ್ದೆಯಾದ ನೆಲ ಒಂದು ಗಳಿಗೆಯಲ್ಲಿ ಆರುತ್ತದೆ. ಸಮಯದ ಮಾತು ನಿಜ. ಆದರೆ ಬಾಯಿಪಾಠವಾದುದನ್ನು ಪ್ರತಿ ವರ್ಷವೂ ಮರಳಿ ಹೇಳಿಸುವುದಕ್ಕೆ ವ್ಯಯವಾಗುವ ಸಮಯದ ಲೆಕ್ಕವನ್ನು ಇಟ್ಟವರಾರು? ರಟ್ಟು, ಮೇಣ, ಹಳೆಯ ಬಾಟಲಿ, ಕೆರೆಯ ಮಣ್ಣು ಇವು ಬಡ ಶಾಲೆಗೂ ನಿಲುಕುವಂಥವು. ವಿದ್ಯಾರ್ಥಿಗಳೇ, ಗುರುಗಳ ನೆರವಿನಿಂದ ಒಂದು ಅಳತೆಯ ಪಾತ್ರೆಯನ್ನು ನೀವೇ ಮಾಡಿರಿ. ನೀವು ಗುರುತು ಹಾಕಿದ ಗೆರೆಯನ್ನು ನೀವು ಮರೆಯಲಾರಿರಿ. ಮುಂದೆ ಅಳತೆಯಲ್ಲಿ ನಿಮಗೆ ಯಾರೂ ಸುಲಭವಾಗಿ ಮೋಸ ಮಾಡಲಾರರು.