ಮೇಸ್ತ್ರಿ ಬರುವ ಮುಂಚೆ ಒಮ್ಮೆ ಅಂಗಳ ಸುತ್ತಿ ಬನ್ನಿ

ಫೆಬ್ರುವರಿ ಬಂತೆಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ರಿಪೇರಿಯ ಮಾತು ಶುರು. ಮಾಡಿನ ಹಂಚು ಕೈಯಾಡಿಸಬೇಕು, ಗೆದ್ದಲು ಹಿಡಿದ ಪಕ್ಕಾಸು ಬದಲಿಸಬೇಕು, ಗೋಡೆಗೆ ಬಣ್ಣ ಆಗಬೇಕು. ಜೂನ್‌ನಲ್ಲಿ ಮಳೆ ಹಿಡಿದರೆ ಮತ್ತೆ ಸೆಪ್ಟೆಂಬರ್ ಕಳೆಯುವ ತನಕ ಹೊರಗಿನ ಕೆಲಸ ನಡೆಯುವುದಿಲ್ಲ. ಮೇಸ್ತ್ರಿಗಳಿಗೂ ಪುರುಸೊತ್ತಿಲ್ಲ, ನಮಗೂ ಅವಸರ.

ಈ ಅವಸರದ ಮಧ್ಯೆ ಕುಂದಾಪುರ ಕಡೆಯ ಓದುಗರೊಬ್ಬರ ಪತ್ರ ಬಂದಿದೆ. ವಯಸ್ಸು ಅರವತ್ತು ದಾಟಿದೆ, ಹಂಚಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ದುಬೈಯಲ್ಲಿರುವ ಮಗ ವಾಟ್ಸ್‌ಆ್ಯಪ್‌ನಲ್ಲಿ ಮನೆಯ ಹೊಸ ಪ್ಲ್ಯಾನ್ ಕಳಿಸಿದ್ದಾನಂತೆ. ಅಂಗಳಕ್ಕೆಲ್ಲ ಇಂಟರ್‌ಲಾಕ್, ದಾಸವಾಳದ ಬೇಲಿ ಕಡಿದು ಎತ್ತರದ ಪಾಗಾರ, ಜಗಲಿಗೆ ದೊಡ್ಡ ಗಾಜು. ‘ಎಲ್ಲ ಚೆಂದವೇ ಉಂಟು, ಆದರೆ ಬೆಳಿಗ್ಗೆ ಚಾ ಕುಡಿಯುವಾಗ ನನ್ನ ಜೊತೆ ಇರುವುದು ಆ ಬೇಲಿಯ ಹಕ್ಕಿಗಳು ಮಾತ್ರ. ಮಗನ ಹತ್ತಿರ ಇದನ್ನು ಹೇಗೆ ಹೇಳುವುದು, ನಗುವುದಿಲ್ಲವಾ’ ಎಂದು ಕೇಳಿದ್ದಾರೆ.

ನಗಲಿ ಬಿಡಿ ಅಕ್ಕಾ, ಆದರೆ ಹೇಳಿ. ಮಗ ದುಡಿದ ಹಣ, ಅಮ್ಮ ಸುಖವಾಗಿರಲಿ ಎಂಬ ಆಸೆ, ಅದರಲ್ಲಿ ತಪ್ಪೇನೂ ಇಲ್ಲ. ಅವನು ವರ್ಷಕ್ಕೊಮ್ಮೆ ಬಂದು ನೋಡುವ ಮನೆಯಲ್ಲಿ ವರ್ಷವಿಡೀ ಬದುಕುವವರು ನೀವು. ನಿಮ್ಮ ಬೇಕು ಬೇಡ ಪ್ಲ್ಯಾನಿನಲ್ಲಿ ಇಲ್ಲದಿದ್ದರೆ ಅದು ಯಾರ ಮನೆ?

ಬರೇ ‘ಬೇಡ’ ಎಂದರೆ ಮಕ್ಕಳು ಕೇಳುವುದಿಲ್ಲ, ಇದು ನಮಗೆಲ್ಲ ಗೊತ್ತಿದ್ದದ್ದೇ. ಬದಲಿಗೆ ಏನು ಮಾಡಬಹುದು ಅಂತಲೂ ಹೇಳಬೇಕು. ಇಂಟರ್‌ಲಾಕನ್ನೇ ನೋಡಿ. ಮಳೆಗಾಲದಲ್ಲಿ ಅಂಗಳಕ್ಕೆ ಪಾಚಿ ಹಿಡಿಯುತ್ತದೆ, ಅಮ್ಮ ಜಾರಿ ಬಿದ್ದಾಳು ಎಂಬ ಹೆದರಿಕೆ ಮಗನಿಗೆ. ಅದು ನಿಜವಾದ ಹೆದರಿಕೆಯೇ. ಸೊಂಟ ಮುರಿದುಕೊಂಡು ಹಕ್ಕಿ ನೋಡಿ ಪ್ರಯೋಜನವಿಲ್ಲ. ಹಾಗಾದರೆ ಗೇಟಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಬಾವಿಕಟ್ಟೆಗೆ ಅಗಲವಾದ ದಾರಿಗೆ ಮಾತ್ರ ಹಾಕಿಸಿ. ಉಳಿದದ್ದು ಮಣ್ಣಾಗಿಯೇ ಇರಲಿ. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಲ್ಲಿದ್ದೂ ಏಪ್ರಿಲ್‌ನಲ್ಲಿ ಬಾವಿ ತಳ ಕಾಣುತ್ತದಲ್ಲ, ಅಂಗಳವೆಲ್ಲ ಮುಚ್ಚಿ ನೀರನ್ನು ಚರಂಡಿಗೆ ಬಿಟ್ಟರೆ ಇನ್ನೇನಾದೀತು? ಖರ್ಚೂ ಉಳಿಯುತ್ತದೆ, ಇದನ್ನು ಮಗನಿಗೆ ಮೊದಲು ಹೇಳಿ.

ಇನ್ನು ಬೇಲಿ. ದಾಸವಾಳಕ್ಕೆ ಬರುವ ಪುಟ್ಟ ಹಕ್ಕಿ ಸೂರಕ್ಕಿ. ಹತ್ತು ಗ್ರಾಂ ಕೂಡ ತೂಗುವುದಿಲ್ಲ. ಗೂಡು ಕಟ್ಟುವ ಕೆಲಸ ಹೆಣ್ಣಿನದು. ಜೇಡರ ಬಲೆ, ಒಣ ಎಲೆ, ತೊಗಟೆಯ ಚೂರು ತಂದು ಕೊಂಬೆಗೋ ಜಗಲಿಯ ತಂತಿಗೋ ಚೀಲದ ಹಾಗೆ ತೂಗುಹಾಕುತ್ತದೆ. ಕಸ ಅಂತ ಪೊರಕೆಯಲ್ಲಿ ಎಳೆದು ಹಾಕುವವರೇ ಹೆಚ್ಚು. ಮೊಟ್ಟೆ ಇಟ್ಟ ದಿನದಿಂದ ಮರಿ ಹಾರುವುದಕ್ಕೆ ಹೆಚ್ಚುಕಮ್ಮಿ ಒಂದು ತಿಂಗಳು ಬೇಕು. ಕೆಮ್ಮೀಸೆಯ ಬುಲ್‌ಬುಲ್‌ಗೆ ಮೂರೂವರೆ ವಾರ ಸಾಕು. ಮಡಿವಾಳ ಹಕ್ಕಿ ಕೆಂಪು ಕಲ್ಲಿನ ಗೋಡೆಯ ತೂತಿನಲ್ಲೂ ಸಂಸಾರ ಹೂಡುತ್ತದೆ. ಇವೆಲ್ಲ ನಡೆಯುವುದು ಹೆಚ್ಚಾಗಿ ನಾವು ಗಾರೆ, ಬಣ್ಣ, ಹಂಚು ಅಂತ ಓಡಾಡುವ ಇದೇ ತಿಂಗಳುಗಳಲ್ಲಿ. ಕಷ್ಟ ಇರುವುದು ಇಲ್ಲೇ.

ಹೋದ ವರ್ಷ ನಮ್ಮ ಮನೆಯಲ್ಲೂ ಎಡವಟ್ಟಾಯಿತು. ಪೇಂಟಿನವರು ಬರುವ ದಿನ ಜಗಲಿಯ ಮೂಲೆಯಲ್ಲಿದ್ದ ಸೂರಕ್ಕಿ ಗೂಡನ್ನು ನಾನೇ ಜೋಪಾನವಾಗಿ ಬಿಚ್ಚಿ ಪಕ್ಕದ ನಿಂಬೆ ಗಿಡಕ್ಕೆ ಕಟ್ಟಿದೆ. ದೊಡ್ಡ ಉಪಕಾರ ಮಾಡಿದೆ ಅಂದುಕೊಂಡಿದ್ದೆ. ತಾಯಿ ಹಕ್ಕಿ ಎರಡು ದಿನ ಹಳೆಯ ಜಾಗದಲ್ಲೇ ಹಾರಾಡಿತು, ನಿಂಬೆ ಗಿಡದತ್ತ ಬರಲೇ ಇಲ್ಲ. ಪೇಂಟಿನವರು ಕೇಳಿದ್ದರೆ ಆ ಒಂದು ಮೂಲೆಯನ್ನು ಕೊನೆಗೆ ಬಿಡುತ್ತಿದ್ದರು. ನಾನು ಕೇಳಲೇ ಇಲ್ಲ.

ಅದಕ್ಕೇ ಹೇಳುವುದು, ಮೇಸ್ತ್ರಿಗೆ ಫೋನ್ ಮಾಡುವ ಮುಂಚೆ ಒಂದು ಬೆಳಿಗ್ಗೆ ಮನೆ ಸುತ್ತ ನಡೆದು ನೋಡಿ. ಬೇಲಿ, ಮಾಡಿನ ಅಂಚು, ಗೋಡೆಯ ತೂತು, ಬಟ್ಟೆ ಒಣಹಾಕುವ ತಂತಿ. ಗೂಡಿದ್ದರೆ ಅದನ್ನು ಮುಟ್ಟಬೇಡಿ. ಅಲ್ಲಿನ ಕೆಲಸ ಮೂರ್ನಾಲ್ಕು ವಾರ ಮುಂದೆ ಹಾಕಿ, ಒಳಗಿನ ಕೆಲಸ ಮೊದಲು ಮುಗಿಸಿ. ಮಾರ್ಚ್‌ನಲ್ಲೇ ನೋಡಿಕೊಂಡರೆ ಮಳೆಗೆ ಮುಂಚೆ ಎಲ್ಲಕ್ಕೂ ಸಮಯ ಸಿಗುತ್ತದೆ. ಮೇ ಕೊನೆಗೆ ಎದ್ದರೆ ಹಕ್ಕಿಗೂ ಕಷ್ಟ, ನಿಮಗೂ ಕಷ್ಟ.

ಪಾಗಾರ ಬೇಕೇ ಬೇಕು ಎಂದು ಮಗ ಹಟ ಹಿಡಿದರೆ ರಸ್ತೆಯ ಕಡೆಗೆ ಮಾತ್ರ ಕಟ್ಟಿಸಿ, ಉಳಿದ ಮೂರು ಕಡೆ ದಾಸವಾಳ ಇರಲಿ. ಬೇಲಿಯಲ್ಲಿ ಹಾವು ಸೇರುತ್ತದೆ ಅಂತಾರೆ. ಬುಡದ ತರಗೆಲೆ ತೆಗೆದು ಚೊಕ್ಕ ಇಟ್ಟರೆ ಆ ಭಯ ಕಡಿಮೆ. ಪೊದೆ ಇದ್ದಲ್ಲಿಗೇ ಬರುವ ಕೆಂಬೂತ, ಅದೇ ನಮ್ಮ ಕುಪ್ಪುಳು, ಸಣ್ಣಪುಟ್ಟ ಹಾವನ್ನು ತಾನೇ ಹಿಡಿದು ತಿನ್ನುತ್ತದೆ ಎಂಬುದೂ ಗೊತ್ತಿರಲಿ.

ಜಗಲಿಯ ಗಾಜಿನ ಬಗ್ಗೆ ಮಾತ್ರ ನನಗೆ ರಾಜಿ ಇಲ್ಲ. ಗಾಜಿನಲ್ಲಿ ಮರ, ಆಕಾಶ ಕಂಡು ಹಕ್ಕಿ ನೇರ ಬಂದು ಬಡಿದುಕೊಳ್ಳುತ್ತದೆ. ನಮ್ಮ ಸೆಕೆಗೆ ಗಾಜು ಮುಚ್ಚಿದ ಜಗಲಿಯಲ್ಲಿ ಕೂರುವುದಾದರೂ ಹೇಗೆ ಮಾರಾಯ್ತಿ! ಸೊಳ್ಳೆ ಪರದೆಯ ಜಾಲರಿ ಹಾಕಿಸಿ. ಗಾಳಿಯೂ ಬರುತ್ತದೆ, ಡೆಂಗಿಯ ಹೆದರಿಕೆಯೂ ಕಡಿಮೆ. ಗಾಜು ಹಾಕಿಯೇ ಆಗಿದ್ದರೆ ಅದರ ಹೊರಗಡೆ ಜಾಲರಿ ಬರಲಿ. ಹಕ್ಕಿಗೆ ನೀರಿಡುವ ಮಣ್ಣಿನ ಪಾತ್ರೆಯನ್ನೂ ದಿನಾ ಉಜ್ಜಿ ತೊಳೆಯಿರಿ, ಇಲ್ಲವಾದರೆ ಸೊಳ್ಳೆ ಅಲ್ಲೇ ಮರಿ ಮಾಡುತ್ತದೆ.

ಹಂಚಿನ ಮಾತೂ ಒಂದಿದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ನಮ್ಮೂರ ಮನೆಗಳಿಗೆ ಬಂದ ಹಂಚು ಇದು. ಮಾಡು ಬಿಚ್ಚಿದಾಗ ಗಟ್ಟಿ ಹಂಚುಗಳನ್ನು ಗುಜರಿಗೆ ಕೊಡಬೇಡಿ, ಒಡೆದದ್ದನ್ನು ಬದಲಿಸಲು ಬೇಕಾಗುತ್ತವೆ. ಕಬ್ಬಿಣದ ತಗಡು ಹಾಕಿಸಿದರೆ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ, ಮಳೆ ಬಂದಾಗ ಒಳಗೆ ಮಾತೇ ಕೇಳಿಸುವುದಿಲ್ಲ.

ಅಕ್ಕಾ, ನಿಮ್ಮ ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದದ್ದನ್ನೂ ಓದಿದೆ. ಬಚ್ಚಲು ಮನೆಯಿಂದ ಹೊರಗೆ ಉಂಟು, ರಾತ್ರಿ ಮಳೆಯಲ್ಲಿ ಟಾರ್ಚ್ ಹಿಡಿದು ಹೋಗಬೇಕು ಅಂತ. ಮಗನ ಪ್ಲ್ಯಾನಿನಲ್ಲಿ ಅದು ಇಲ್ಲವೇ ಇಲ್ಲ! ಮಲಗುವ ಕೋಣೆಗೆ ಸೇರಿದ ಬಚ್ಚಲು, ಕೂರುವ ಕಮೋಡ್, ಗೋಡೆಗೊಂದು ಹಿಡಿಕೆ, ಜಾರದ ಟೈಲ್ಸ್, ಪಟ್ಟಿಯಲ್ಲಿ ಇವು ಮೊದಲು ಬರಲಿ. ಗಾಜಿಗೆ ತೆಗೆದಿಟ್ಟ ಹಣ ಅಲ್ಲಿಗೆ ಹೋಗಲಿ. ಮಗನ ಹತ್ತಿರ ಹೇಳಲು ಸಂಕೋಚವಾದರೆ ಸೊಸೆಗೆ ಫೋನ್ ಮಾಡಿ, ಅವಳಿಗೆ ಅರ್ಥವಾಗುತ್ತದೆ. ಈ ಭಾನುವಾರವೇ ಮಾಡಿ, ಮೇಸ್ತ್ರಿ ಅಡ್ವಾನ್ಸ್ ತಗೊಳ್ಳುವ ಮುಂಚೆ.