ಮಾವನ ದೋಣಿ, ಸ್ಟೆಪ್ಸ್ ಇಲ್ಲದ ನಮ್ಮ ಆನ್ಸರ್

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ. ಮೆಸ್‌ನಲ್ಲಿ ಪೂರಿ ಖಾಲಿಯಾಗೋ ಮುಂಚೆ ಓಡಬೇಕು ಅಂತ ಚಪ್ಪಲಿ ಹುಡುಕ್ತಾ ಇದ್ವಿ, ಅಷ್ಟರಲ್ಲಿ ಅಮೆರಿಕದಿಂದ ವಿಡಿಯೋ ಕಾಲ್ ಬಂತು. ನಾವು ಮೂವರು ರೂಮ್‌ಮೇಟ್ಸ್, ಮೂವರೂ ಸೆಕೆಂಡ್ ಇಯರ್ ಎಲೆಕ್ಟ್ರಿಕಲ್. ಕಾಲ್ ಮಾಡಿದ್ದು ನಮ್ಮಲ್ಲೊಬ್ಬನ ಸೋದರಮಾವ. ಹಾಸನದ ಕಡೆಯವರು, ಈಗ ಮಿನೆಸೋಟದಲ್ಲಿದ್ದಾರೆ. ಹಾಸ್ಟೆಲ್ ನಿಯಮದ ಪ್ರಕಾರ ಒಬ್ಬನ ಮಾವ ಮೂವರಿಗೂ ಮಾವ.

"ಏನ್ರಪ್ಪಾ ಇಂಜಿನಿಯರ್‌ಗಳೇ, ನನ್ನ ದೋಣಿ ಬ್ಯಾಟರಿ ಹೋಯ್ತು. ಹೊಸದು ಯಾವುದು ತಗೊಳ್ಲಿ?"

ನಾವು ಅರ್ಧ ಸೆಕೆಂಡೂ ಯೋಚಿಸಲಿಲ್ಲ. "ಲಿಥಿಯಂ ತಗೊಳ್ಳಿ ಮಾವ, 100 ಆಂಪಿಯರ್ ಅವರ್‌ದು." ಮಾವ ಒಂದೇ ಪದ ಕೇಳಿದ್ರು: "ಯಾಕೆ?"

ನಮ್ಮ ಹತ್ರ ಉತ್ತರ ಇರಲಿಲ್ಲ. ಎಲ್ಲರೂ ಹಾಗೇ ಹೇಳ್ತಾರೆ, ಅದಕ್ಕೆ ನಾವೂ ಹೇಳಿದ್ವಿ. ಆಮೇಲೆ ಅವರು ಹೇಳಿದ್ದು ಕೇಳಿ ಪೂರಿ ಮರೆತೇ ಹೋಯ್ತು. ಸೀಸನ್ನಿನ ಮೊದಲ ಸಲ ಎಂಟು ವರ್ಷದ ಮಗಳನ್ನ ಕೂರಿಸಿಕೊಂಡು ಸರೋವರಕ್ಕೆ ಇಳಿದಿದ್ದಾರೆ. ಒಂದು ಗಂಟೆಗೆ ಮೋಟರ್ ನಿಂತಿದೆ. ಎದುರು ಗಾಳಿ. ದಡ ಸುಮಾರು ಒಂದು ಕಿಲೋಮೀಟರ್ ದೂರ. ಅಷ್ಟು ದೂರವೂ ಹುಟ್ಟು ಹಾಕಿಕೊಂಡೇ ಬಂದಿದ್ದಾರೆ. "ಕೈ ಬೊಬ್ಬೆ ಬಂತು, ಅದು ಬಿಡಿ. ಮಗು ಹೆದರಿಬಿಟ್ಟಿತ್ತು," ಅಂದ್ರು.

ಆ ಒಂದು ವಾರ ನಾವು ಮಾಡಿದ ಕೆಲಸದಿಂದ ನಮಗೊಂದು ಅಭಿಪ್ರಾಯ ಬಂದಿದೆ. ಬ್ಯಾಟರಿ ಬದಲಾಯಿಸುವಾಗ "ಯಾವುದು ಬೆಸ್ಟ್" ಅನ್ನೋದು ಕೊನೆಯ ಪ್ರಶ್ನೆ. ಹಳೇದು ಯಾಕೆ ಸತ್ತಿತು, ಹೊಸದು ಒಂದು ದಿನಕ್ಕೆ ಎಷ್ಟು ಕೆಲಸ ಮಾಡಬೇಕು, ಇವೆರಡೇ ಮೊದಲ ಪ್ರಶ್ನೆಗಳು. ಇಂಜಿನಿಯರಿಂಗ್ ಓದೋ ನಾವೇ ಇವನ್ನ ಕೇಳದೆ ಆನ್ಸರ್‌ಗೆ ಹಾರಿಬಿಡ್ತೀವಿ.

ಮೊದಲು ದೋಣಿ ಬಗ್ಗೆ. ಮಿನೆಸೋಟದ ಕಾರುಗಳ ನಂಬರ್ ಪ್ಲೇಟ್ ಮೇಲೆಯೇ "ಹತ್ತು ಸಾವಿರ ಸರೋವರಗಳು" ಅಂತ ಬರೆದಿರುತ್ತೆ. ಅಲ್ಲಿ ಮೀನು ಹಿಡಿಯೋದು ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ. ಮೀನಿಗೆ ಗೊತ್ತಾಗದಂತೆ ನಿಧಾನವಾಗಿ, ಸದ್ದಿಲ್ಲದೆ ದೋಣಿ ನಡೆಸೋಕೆ ಅಂತಲೇ ಇರೋ ಪುಟ್ಟ ಎಲೆಕ್ಟ್ರಿಕ್ ಮೋಟರ್ ಈ ಟ್ರೋಲಿಂಗ್ ಮೋಟರ್. ಇದರ ಹೆಸರಾಂತ ಬ್ರ್ಯಾಂಡ್ ಮಿನ್ ಕೋಟ ಶುರುವಾಗಿದ್ದು 1934ರಲ್ಲಿ, ನಾರ್ತ್ ಡಕೋಟದ ಫಾರ್ಗೋದಲ್ಲಿ. ಮಿನೆಸೋಟ, ಡಕೋಟ ಎರಡನ್ನೂ ಸೇರಿಸಿ ಮಾಡಿದ ಹೆಸರದು. ದೊಡ್ಡ ದೋಣಿಗಳಲ್ಲಿ ಓಡಾಟಕ್ಕೆ ಬೇರೆ ಪೆಟ್ರೋಲ್ ಇಂಜಿನ್ ಇರುತ್ತೆ. ಮಾವನದು 14 ಅಡಿಯ ಅಲ್ಯೂಮಿನಿಯಂ ದೋಣಿ. ಅದಕ್ಕೆ ಇರೋದು ಈ ಮೋಟರ್ ಒಂದೇ. ಬ್ಯಾಟರಿ ಕೈ ಕೊಟ್ಟರೆ ಹುಟ್ಟೇ ಗತಿ.

ಹಳೇ ಬ್ಯಾಟರಿ ಯಾಕೆ ಸತ್ತಿತು? ಅದು ಮೂರೇ ವರ್ಷದ ಲೆಡ್ ಆಸಿಡ್ ಬ್ಯಾಟರಿ. "ಅಕ್ಟೋಬರ್‌ನಲ್ಲಿ ದೋಣಿ ಎತ್ತಿಟ್ಟಾಗ ಚಾರ್ಜ್ ಮಾಡಿದ್ರಾ?" ಅಂತ ಕೇಳಿದ್ವಿ. ಮಾವ ಸ್ವಲ್ಪ ಹೊತ್ತು ಸುಮ್ಮನಾದ್ರು. ಮಾಡಿರಲಿಲ್ಲ. ಅರ್ಧ ಖಾಲಿಯಾದ ಬ್ಯಾಟರಿ ಆರೇಳು ತಿಂಗಳು ಗ್ಯಾರೇಜಲ್ಲಿ ಹಾಗೇ ಬಿದ್ದಿತ್ತು. ಡಿಸ್ಚಾರ್ಜ್ ಆದ ಪ್ಲೇಟ್‌ಗಳ ಮೇಲೆ ಕೂರೋ ಲೆಡ್ ಸಲ್ಫೇಟ್ ಬೇಗ ಚಾರ್ಜ್ ಮಾಡಿದ್ರೆ ಕರಗುತ್ತೆ. ಬಿಟ್ಟರೆ ಗಟ್ಟಿ ಹರಳಾಗುತ್ತೆ, ಆಮೇಲೆ ಸುಲಭಕ್ಕೆ ವಾಪಸ್ ಬರಲ್ಲ. ಸಲ್ಫೇಷನ್ ಅಂತ ನಾವು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೀವಿ. ಆದ್ರೆ ಫೋನಲ್ಲಿ ಮಾವ "ಹೋಯ್ತು" ಅಂದಾಗ ಅದು ನೆನಪಿಗೇ ಬರಲಿಲ್ಲ. ಕಾರಣ ಹುಡುಕದೆ ಹೊಸ ಲೆಡ್ ಬ್ಯಾಟರಿ ತಂದಿದ್ರೆ ಅದೂ ಇದೇ ದಾರಿ ಹಿಡೀತಿತ್ತು.

ಎರಡನೇ ಪ್ರಶ್ನೆ, ದಿನದ ಕೆಲಸ. ಇಲ್ಲಿ ಲೇಬಲ್ ಓದೋಕೆ ಬರಬೇಕು. ಲೆಡ್ ಬ್ಯಾಟರಿ ಮೇಲೆ 100 ಆಂಪಿಯರ್ ಅವರ್ ಅಂತ ಇದ್ರೆ, ಸಾಮಾನ್ಯವಾಗಿ ಅದು 20 ಗಂಟೆಯ ಲೆಕ್ಕ. ಅಂದ್ರೆ 5 ಆಂಪಿಯರ್‌ನಂತೆ ನಿಧಾನವಾಗಿ ಎಳೆದ್ರೆ 20 ಗಂಟೆ ಬರುತ್ತೆ. ಮಾವನ ಮೋಟರ್ 55 ಪೌಂಡ್ ಥ್ರಸ್ಟ್‌ದು, 12 ವೋಲ್ಟ್. ಫುಲ್ ಸ್ಪೀಡಲ್ಲಿ ಈ ತರದ ಮೋಟರ್ 50 ಆಂಪಿಯರ್‌ವರೆಗೂ ಎಳೆಯುತ್ತೆ. 100 ಭಾಗಿಸು 50, ಎರಡು ಗಂಟೆ ಬರಬೇಕಲ್ವಾ? ಬರಲ್ಲ. ವೇಗವಾಗಿ ಎಳೆದಷ್ಟೂ ಲೆಡ್ ಬ್ಯಾಟರಿ ಕಡಿಮೆ ಕೊಡುತ್ತೆ ಅಂತ ಜರ್ಮನಿಯ ಪ್ಯೂಕರ್ಟ್ 1897ರಲ್ಲೇ ಸೂತ್ರ ಕೊಟ್ಟಿದ್ದಾನೆ. ಘಾತ 1.2 ಅಂತ ಹಿಡಿದು ಲೆಕ್ಕ ಹಾಕಿದ್ರೆ ಸಿಗೋದು ಒಂದೂಕಾಲು ಗಂಟೆ, ಅಂದ್ರೆ ಸುಮಾರು 63 ಆಂಪಿಯರ್ ಅವರ್. ಅದೂ ಹೊಸ ಬ್ಯಾಟರಿಯನ್ನ ಪೂರ್ತಿ ಬರಿದು ಮಾಡಿದ್ರೆ. ಬಾಳಿಕೆ ಬರಬೇಕು ಅಂದ್ರೆ ಲೆಡ್ ಬ್ಯಾಟರಿಯನ್ನ ಅರ್ಧಕ್ಕಿಂತ ಕೆಳಗೆ ಇಳಿಸಬಾರದು.

ಇದೇ ಕಾರಣಕ್ಕೆ ಅಮೆರಿಕದ ಲೆಡ್ ಬ್ಯಾಟರಿಗಳ ಮೇಲೆ ಬರೆದಿರೋ ರಿಸರ್ವ್ ಕೆಪಾಸಿಟಿ ಅನ್ನೋ ನಂಬರ್ ನಮಗೆ ಇಷ್ಟವಾಯ್ತು. 25 ಆಂಪಿಯರ್ ಎಳೆದ್ರೆ ವೋಲ್ಟೇಜ್ 10.5ಕ್ಕೆ ಇಳಿಯೋಕೆ ಎಷ್ಟು ನಿಮಿಷ ಬೇಕು ಅನ್ನೋ ಲೆಕ್ಕ ಅದು. ದೋಣಿಯ ಬಳಕೆಗೆ ಇದೇ ಹತ್ತಿರ. ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್ ಅಂತ ದಪ್ಪಕ್ಷರದಲ್ಲಿ ಬರೆದಿರೋ ಕಾರಿನ ಬ್ಯಾಟರಿ ಇಲ್ಲಿ ಬೇಡವೇ ಬೇಡ. ಅದರ ಪ್ಲೇಟ್‌ಗಳು ತೆಳು, ಕೆಲವು ಸೆಕೆಂಡ್ ಜೋರಾಗಿ ಕರೆಂಟ್ ಕೊಡೋಕೆ ಮಾಡಿದ್ದು. ಗಂಟೆಗಟ್ಟಲೆ ದುಡಿಸಿ ಪದೇ ಪದೇ ಬರಿದು ಮಾಡಿದ್ರೆ ಬೇಗ ಹೋಗುತ್ತೆ.

ಮಾವನಿಗೆ ಡಿಸಿ ಕ್ಲ್ಯಾಂಪ್ ಮೀಟರ್ ತರಿಸಿ ಅಳೆಯೋಕೆ ಹೇಳಿದ್ವಿ. ಸ್ನೇಹಿತರ ಬ್ಯಾಟರಿ ಎರವಲು ತಂದು ಅಳೆದು ಕಳಿಸಿದ್ರು: ಎರಡನೇ ಸ್ಪೀಡಲ್ಲಿ 15, ಫುಲ್ ಸ್ಪೀಡಲ್ಲಿ 45 ಆಂಪಿಯರ್. ಅವರು ನೀರಲ್ಲಿರೋದು ಐದು ಗಂಟೆ, ಆದ್ರೆ ಮೋಟರ್ ಓಡೋದು ಅದರಲ್ಲಿ ಅರ್ಧ ಹೊತ್ತು. 15 ಗುಣಿಸು ಎರಡೂವರೆ, 37.5. ಎದುರು ಗಾಳಿಯಲ್ಲಿ ವಾಪಸ್ ಬರೋಕೆ 20 ನಿಮಿಷ ಫುಲ್ ಸ್ಪೀಡ್, ಇನ್ನೊಂದು 15. ಒಟ್ಟು 52.5. ಅದರ ಮೇಲೆ ಶೇಕಡಾ 30 ಕೈಯಲ್ಲಿ ಉಳೀಬೇಕು ಅಂತ ನಾವೇ ಸೇರಿಸಿದ್ವಿ. ಸುಮಾರು 68 ಆಂಪಿಯರ್ ಅವರ್. ಆ ಶೇಕಡಾ 30 ಮಗುವಿನ ಪಾಲು.

ಈಗ ಆಯ್ಕೆ ತಾನಾಗೇ ಕಾಣುತ್ತೆ. ಒಂದು 100ರ ಲೆಡ್ ಬ್ಯಾಟರಿ ಸಾಲದು. ಎರಡು ಇಟ್ಟರೆ ಒಂದೊಂದೂ 25ರಿಂದ 30 ಕೆಜಿ, ಪುಟ್ಟ ದೋಣಿಗೆ ಇನ್ನೊಬ್ಬ ಮನುಷ್ಯನ ಭಾರ. ಲಿಥಿಯಂ ಐರನ್ ಫಾಸ್ಫೇಟ್‌ನ 100 ಆಂಪಿಯರ್ ಅವರ್ ಬ್ಯಾಟರಿ ಸುಮಾರು 12 ಕೆಜಿ. ಶೇಕಡಾ 80 ಬಳಸಿದ್ರೂ ಏನೂ ತೊಂದರೆಯಿಲ್ಲ, 50 ಆಂಪಿಯರ್ ಎಳೆದ್ರೂ ಸಾಮರ್ಥ್ಯ ಹೆಚ್ಚು ಕುಸಿಯಲ್ಲ. ಮಾವನಿಗೆ ಅದೇ ಸರಿ.

ಹೌದು, ನಾವು ಮೊದಲ ದಿನ ಹೇಳಿದ ಆನ್ಸರೇ! ಹಾಗಿದ್ರೆ ಒಂದು ವಾರ ಯಾಕೆ ವೇಸ್ಟ್ ಮಾಡಿದ್ರಿ ಅಂತ ನೀವು ಕೇಳಬಹುದು. ನಮ್ಮ ಪಕ್ಕದ ರೂಮಿನವರು ಕೇಳಿದ್ರು ಕೂಡ. ಆನ್ಸರ್ ಅದೇ ಆದ್ರೂ, ಸ್ಟೆಪ್ಸ್ ಇಲ್ಲದೆ ಅದನ್ನ ಕೊಟ್ಟಿದ್ರೆ ಮಾವನಿಗೆ ಹೊಸ ತೊಂದರೆ ಕೊಟ್ಟ ಹಾಗೆ ಆಗ್ತಿತ್ತು. ಮೂರು ವಿಷಯ ಹೇಳ್ತೀವಿ.

ಒಂದು, ಚಳಿ. ಈ ಬ್ಯಾಟರಿಯನ್ನ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಮಾಡಿದ್ರೆ ಲಿಥಿಯಂ ಲೋಹವಾಗಿ ಆನೋಡ್ ಮೇಲೆ ಕೂತು ಸೆಲ್ ಹಾಳಾಗುತ್ತೆ. ಮಿನೆಸೋಟದ ಗ್ಯಾರೇಜ್ ಚಳಿಗಾಲದಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗೆ ಇರುತ್ತೆ. ಲೆಡ್ ಬ್ಯಾಟರಿಯನ್ನ ಚಾರ್ಜ್ ಮಾಡಿ ಇಡಿ ಅನ್ನೋ ಬುದ್ಧಿಮಾತನ್ನೇ ಇದಕ್ಕೂ ಹೇಳಿ ಗ್ಯಾರೇಜಲ್ಲೇ ಚಾರ್ಜರ್‌ಗೆ ಹಾಕಿಸಿದ್ರೆ? ಇದನ್ನ ಅರ್ಧ ಚಾರ್ಜಲ್ಲಿ ಮನೆಯೊಳಗೆ ಇಡಬೇಕು.

ಎರಡು, ಚಾರ್ಜರ್. ನಾಲ್ಕು ಸೆಲ್‌ನ ಈ ಬ್ಯಾಟರಿಗೆ 14.6 ವೋಲ್ಟ್ ಮೇಲ್ಮಿತಿ. ಸಲ್ಫೇಟ್ ಕರಗಿಸೋಕೆ ವೋಲ್ಟೇಜ್ ಏರಿಸೋ ಹಳೇ ಚಾರ್ಜರ್ ಇದಕ್ಕೆ ಆಗಲ್ಲ.

ಮೂರು, ಎಚ್ಚರಿಕೆ ಇಲ್ಲದೆ ನಿಲ್ಲೋದು. ಲೆಡ್ ಬ್ಯಾಟರಿ ಸಾಯೋ ಮುಂಚೆ ಮೋಟರ್ ನಿಧಾನವಾಗುತ್ತೆ, ಮನುಷ್ಯನಿಗೆ ಗೊತ್ತಾಗುತ್ತೆ. ಲಿಥಿಯಂ ವೋಲ್ಟೇಜ್ ಕೊನೇವರೆಗೂ ಹೆಚ್ಚುಕಡಿಮೆ ಸಮ ಇರುತ್ತೆ. ಆಮೇಲೆ ಒಳಗಿರೋ ಬಿಎಂಎಸ್ ಟಕ್ ಅಂತ ಕಟ್ ಮಾಡುತ್ತೆ. ಹಾಗಾಗಿ ಹಳೇ ವೋಲ್ಟ್‌ಮೀಟರ್ ನಂಬಬಾರದು, ಆಂಪಿಯರ್ ಅವರ್ ಎಣಿಸೋ ಮೀಟರ್ ಬೇಕು. ಬಿಎಂಎಸ್ 50 ಆಂಪಿಯರ್‌ಗಿಂತ ಹೆಚ್ಚು ಸತತವಾಗಿ ಕೊಡೋ ಹಾಗಿರಬೇಕು. ಬ್ಯಾಟರಿ ಹತ್ರವೇ 60 ಆಂಪಿಯರ್ ಸರ್ಕ್ಯೂಟ್ ಬ್ರೇಕರ್ ಇರಬೇಕು.

ಇನ್ನೊಂದು ಮಾತೂ ಹೇಳಬೇಕು. ಲಿಥಿಯಂ ಬ್ಯಾಟರಿ ಸಾವಿರಗಟ್ಟಲೆ ಸಲ ಚಾರ್ಜ್ ಆಗುತ್ತೆ, ಆದ್ದರಿಂದ ಕೊನೆಗೆ ಅಗ್ಗ ಅನ್ನೋದು ಜಾಹೀರಾತಿನ ವಾದ. ಮಾವ ವರ್ಷಕ್ಕೆ 20 ಸಲ ದೋಣಿ ಇಳಿಸ್ತಾರೆ. 3,000 ಸಲ ಮುಗಿಸೋಕೆ 150 ವರ್ಷ ಬೇಕು! ಅವರಿಗೆ ಈ ವಾದದಿಂದ ಒಂದು ಪೈಸೆ ಲಾಭವಿಲ್ಲ. ಅವರು ದುಡ್ಡು ಕೊಡ್ತಿರೋದು ಕಡಿಮೆ ಭಾರಕ್ಕೆ ಮತ್ತು ವಾಪಸ್ ಬರೋ ಧೈರ್ಯಕ್ಕೆ. ಇದೇ ಮೋಟರನ್ನ ದಡದ ಹತ್ರ ಒಂದು ಗಂಟೆ ಮಾತ್ರ ಓಡಿಸೋರಿಗೆ ನಾವು ಲೆಡ್ ಬ್ಯಾಟರಿಯೇ ಸಾಕು ಅಂತೀವಿ, ಅಕ್ಟೋಬರ್‌ನಲ್ಲಿ ಮರೆಯದೆ ಚಾರ್ಜ್ ಮಾಡೋದಾದ್ರೆ.

ಜೂನ್‌ನಲ್ಲಿ ಮಾವ ಫೋಟೋ ಕಳಿಸಿದ್ರು. ಮೀನು ಒಂದೂ ಇಲ್ಲ. ಲೈಫ್ ಜಾಕೆಟ್ ಹಾಕಿಕೊಂಡ ಮಗಳು ಮೀಟರ್ ಕಡೆ ಬೆರಳು ತೋರಿಸ್ತಾ ಕೂತಿದ್ದಾಳೆ. ಇನ್ನೂ 41 ಉಳಿದಿದೆ.

ಪೇಪರ್ ತಿದ್ದೋರು ಸ್ಟೆಪ್ಸ್‌ಗೆ ಮಾರ್ಕ್ಸ್ ಕೊಡೋದನ್ನ ನಾವು ಯಾವಾಗಲೂ ಬೈತೀವಿ. ಈಗ ಸ್ವಲ್ಪ ಕಡಿಮೆ ಬೈತೀವಿ. ಈ ಸಲ ರಜೆಗೆ ಊರಿಗೆ ಹೋದಾಗ ನಿಮ್ಮ ಮನೆ ಇನ್ವರ್ಟರ್ ಬ್ಯಾಟರಿ ಮೇಲೆ ನೋಡಿ, 150 ಆಂಪಿಯರ್ ಅವರ್ ಪಕ್ಕದಲ್ಲೇ ಸಣ್ಣದಾಗಿ ಸಿ20 ಅಂತ ಇರಬಹುದು. ಅದು ಅದೇ 20 ಗಂಟೆಯ ಲೆಕ್ಕ. "ಕರೆಂಟ್ ಹೋದ್ರೆ ಎಷ್ಟು ಹೊತ್ತು ಬರುತ್ತೆ?" ಅಂತ ಅಪ್ಪ ಕೇಳಿದ್ರೆ ತಕ್ಷಣ ಉತ್ತರ ಕೊಡಬೇಡಿ. ಮನೇಲಿ ಎಷ್ಟು ಫ್ಯಾನು, ಎಷ್ಟು ಲೈಟು ಅಂತ ಮೊದಲು ಎಣಿಸಿ.